ಬೀಗದ ಹೊಗಳಿಕೆ, ದಾರಿಯ ಮರೆವು

ವಿಪಿಎನ್ ಎಂದರೆ ಈಗ ಎಲ್ಲರಿಗೂ ನೆನಪಾಗುವುದು ಬೀಗದ ಚಿತ್ರ. ಜಾಹೀರಾತುಗಳು ‘ಮಿಲಿಟರಿ ದರ್ಜೆ’ಯ ಎನ್‌ಕ್ರಿಪ್ಷನ್ ಮಾರುತ್ತವೆ, ಕೆಲಸ ಕೇಳಿಕೊಂಡು ಬರುವ ಹುಡುಗರು ಎಇಎಸ್ 256ರ ಗುಣಗಾನವನ್ನು ಬಾಯಿಪಾಠ ಒಪ್ಪಿಸುತ್ತಾರೆ. ಸರಿಯಪ್ಪಾ, ಈ ಪ್ಯಾಕೆಟ್ ಸರ್ವರಿನ ಯಾವ ಇಂಟರ್‌ಫೇಸಿನಿಂದ ಹೊರಬೀಳುತ್ತದೆ, ಅದರ ಉತ್ತರ ಯಾವ ದಾರಿಯಲ್ಲಿ ವಾಪಸ್ ಬರುತ್ತದೆ ಎಂದರೆ ಮುಖಮುಖ ನೋಡುತ್ತಾರೆ. ಲಿನಕ್ಸ್ ಸರ್ವರ್‌ಗಳ ಜೊತೆ ಏಗಿದವರಿಗೆಲ್ಲ ಗೊತ್ತು: ದಿನನಿತ್ಯ ಕೈಕೊಡುವುದು ಗೂಢಲಿಪಿಯಲ್ಲ, ರೂಟಿಂಗ್. ಈ ವಿದ್ಯೆ ಬೆಳೆದ ಬಗೆಯನ್ನೂ ಆ ಕಡೆಯಿಂದಲೇ ಹೇಳಬೇಕು.

ಮೊದಲ ಅಧ್ಯಾಯ ಬೇಗ ಮುಗಿಯುತ್ತದೆ. ಒಂದು ಪ್ಯಾಕೆಟ್ಟಿನ ಹೊಟ್ಟೆಯಲ್ಲಿ ಇನ್ನೊಂದನ್ನಿಟ್ಟು ಕಳಿಸುವ ಜಿಆರ್‌ಇ 1994ರಲ್ಲಿ ದಾಖಲೆಗೆ ಬಂತು. ಅದರ ಮೇಲೆ ಪಾಸ್‌ವರ್ಡ್, ಎನ್‌ಕ್ರಿಪ್ಷನ್ ಹೊದಿಸಿ ಮೈಕ್ರೋಸಾಫ್ಟ್ ಮತ್ತು ಜೊತೆಗಾರರು ಪಿಪಿಟಿಪಿ ತಂದರು. ಅದರ ಹುಳುಕನ್ನು ಬ್ರೂಸ್ ಶ್ನಯರ್ ಮತ್ತು ಮಡ್ಜ್ 1998ರಲ್ಲೇ ಬಯಲಿಗೆಳೆದರು. ಆದರೂ ಕಚೇರಿಗಳು ಬಹುಕಾಲ ಅದನ್ನೇ ನೆಚ್ಚಿಕೊಂಡವು. ಸೆಟಪ್ ಸುಲಭವಿತ್ತು, ಅಷ್ಟೇ. 1995ರಿಂದ ಬಂದ ಐಪಿಸೆಕ್ ಮಾನಕಗಳು ಇದಕ್ಕಿಂತ ಎಷ್ಟೋ ಗಟ್ಟಿ, ಆದರೆ ಸಮಿತಿ ಕೂತು ಬರೆದದ್ದೆಂಬ ಗುರುತು ಪುಟಪುಟದಲ್ಲೂ ಇದೆ.

ಆ ಐಪಿಸೆಕ್ ಅನ್ನು ಲಿನಕ್ಸಿಗೆ ತಂದದ್ದು ಜಾನ್ ಗಿಲ್ಮೋರ್ 1996ರಲ್ಲಿ ಶುರುಮಾಡಿದ ಫ್ರೀಎಸ್/ವ್ಯಾನ್ ಯೋಜನೆ. ಇಂಟರ್ನೆಟ್ಟಿನ ಸಂಚಾರವನ್ನೆಲ್ಲ ಗೂಢಲಿಪಿಗೆ ತಿರುಗಿಸುವ ಅದರ ದೊಡ್ಡ ಕನಸು ಕೈಗೂಡಲಿಲ್ಲ. ನಮ್ಮಂಥವರು ಅದನ್ನು ನೆನೆಯುವುದು ಒಂದು ಸಣ್ಣ ಉಪಕಾರಕ್ಕಾಗಿ: ಅದು ಐಪಿಸೆಕ್0 ಎಂಬ ಇಂಟರ್‌ಫೇಸನ್ನು ಕಣ್ಣೆದುರು ನಿಲ್ಲಿಸುತ್ತಿತ್ತು. ರೂಟನ್ನು ಅದರತ್ತ ತಿರುಗಿಸಬಹುದಿತ್ತು, ಫೈರ್‌ವಾಲ್ ನಿಯಮದಲ್ಲಿ ಅದರ ಹೆಸರು ಬರೆಯಬಹುದಿತ್ತು, ಟಿಸಿಪಿಡಂಪ್ ಹಾಕಿ ಕೂರಬಹುದಿತ್ತು. 2003ರ ಕೊನೆಗೆ ಬಂದ 2.6ನೇ ಕರ್ನಲ್ ತನ್ನದೇ ಐಪಿಸೆಕ್ ತಂದಿತು, ಇಂಟರ್‌ಫೇಸನ್ನು ತೆಗೆದುಹಾಕಿತು. ಯಾವ ಪ್ಯಾಕೆಟ್ ಟನಲ್ ಹೊಗಬೇಕು ಎಂಬುದು ರೂಟಿಂಗ್ ಟೇಬಲ್ಲಿನ ಆಚೆ, ಪಾಲಿಸಿಗಳ ಬೇರೊಂದು ಪಟ್ಟಿಗೆ ಹೋಯಿತು. ಟೇಬಲ್ ಒಂದು ಹೇಳುತ್ತದೆ, ಪ್ಯಾಕೆಟ್ ಇನ್ನೊಂದು ಮಾಡುತ್ತದೆ. ಕಳೆದುಕೊಂಡದ್ದನ್ನು ವಿಟಿಐ ಎಂಬ ಟನಲ್ ಇಂಟರ್‌ಫೇಸ್ ಅರೆಬರೆಯಾಗಿ ಮರಳಿಸಿತು. ಪೂರ್ತಿ ಮರಳಿ ಸಿಕ್ಕಿದ್ದು 2018ರಲ್ಲಿ, 4.19ನೇ ಕರ್ನಲ್ಲಿನ ಎಕ್ಸ್‌ಎಫ್‌ಆರ್‌ಎಂ ಇಂಟರ್‌ಫೇಸಿನಿಂದ. ಹದಿನೈದು ವರ್ಷ! ಇದನ್ನು ಪ್ರಗತಿ ಎಂದು ಬರೆಯುವವರೂ ಇದ್ದಾರೆ.

ನಮ್ಮ ಪೀಳಿಗೆಯನ್ನು ಬೆಳೆಸಿದ್ದು ಮಾತ್ರ ಬೇರೆ ಎರಡು ಕೆಲಸಗಳು. ಒಂದು, 1999ರ 2.2ನೇ ಕರ್ನಲ್‌ನೊಂದಿಗೆ ಅಲೆಕ್ಸೇ ಕುಜ್ನೆತ್ಸೋವ್ ಕೊಟ್ಟ ಪಾಲಿಸಿ ರೂಟಿಂಗ್. ಒಂದೇ ರೂಟಿಂಗ್ ಟೇಬಲ್ಲಿನ ಜಾಗದಲ್ಲಿ ಹಲವು, ಯಾವುದನ್ನು ಯಾವಾಗ ನೋಡಬೇಕೆಂದು ಹೇಳಲು ‘ಐಪಿ ರೂಲ್’. ಇನ್ನೊಂದು, 2.4ರ ಕಾಲಕ್ಕೆ ಕರ್ನಲ್ ಸೇರಿದ ಟನ್ ಡ್ರೈವರ್. ಇದರಲ್ಲಿ ಇಂಟರ್‌ಫೇಸಿನ ಹಿಂದೆ ತಂತಿಯಿಲ್ಲ, ಒಂದು ಸಾಮಾನ್ಯ ಪ್ರೋಗ್ರಾಂ ಕೂತಿರುತ್ತದೆ. ಜೇಮ್ಸ್ ಯೋನನ್ 2001ರಲ್ಲಿ ಓಪನ್‌ವಿಪಿಎನ್ ಕಟ್ಟಿದ್ದು ಈ ಅಡಿಪಾಯದ ಮೇಲೆ. ಅದರ ‘ಡೆಫ್1’ ಉಪಾಯವನ್ನು ನೋಡಿ. ಸಂಚಾರವನ್ನೆಲ್ಲ ಟನಲ್ಲಿಗೆ ಹರಿಸಬೇಕು, ಆದರೆ ಮೂಲ ಡೀಫಾಲ್ಟ್ ರೂಟನ್ನು ಅಳಿಸಬಾರದು. ಆಗ 0.0.0.0/1 ಮತ್ತು 128.0.0.0/1 ಎಂದು ಜಗತ್ತನ್ನೇ ಎರಡು ಹೋಳು ಮಾಡಿ ಎರಡು ರೂಟ್ ಸೇರಿಸುತ್ತದೆ. ಹೆಚ್ಚು ನಿರ್ದಿಷ್ಟವಾದ ರೂಟ್ ಗೆಲ್ಲುತ್ತದೆಂಬ ಹಳೆಯ ನಿಯಮವೇ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಟನಲ್ ಬಿದ್ದರೆ ಹೋಳುಗಳು ಮಾಯ, ಹಳೆಯ ದಾರಿ ಇದ್ದಲ್ಲೇ ಇದೆ. ಗಣಿತದ ಯಾವ ಸೂತ್ರಕ್ಕೂ ಕಡಿಮೆಯಿಲ್ಲದ ಜಾಣತನ ಇದು.

ಮಾರ್ಚ್ 2020ರಲ್ಲಿ 5.6ನೇ ಕರ್ನಲ್ ಸೇರಿದ ಜೇಸನ್ ಡೊನೆನ್‌ಫೆಲ್ಡ್‌ರ ವೈರ್‌ಗಾರ್ಡನ್ನು ಹೊಗಳುವವರು ಸುಮಾರು 4,000 ಸಾಲಿನ ಕೋಡನ್ನೂ ಹೊಸ ಸೈಫರ್‌ಗಳನ್ನೂ ಹೊಗಳುತ್ತಾರೆ. ನಿಜವಾದ ಸೊಗಸು ‘ಅಲೌಡ್‌ಐಪಿಸ್’ ಎಂಬ ಒಂದು ಸಾಲಿನಲ್ಲಿದೆ. ಹೊರಹೋಗುವಾಗ ಯಾವ ವಿಳಾಸ ಯಾವ ಪೀರ್‌ಗೆ ಎಂದು ಆರಿಸುವುದು ಅದೇ. ಒಳಬರುವಾಗ ಆ ಪೀರ್ ಆ ವಿಳಾಸದ ಹೆಸರಿನಲ್ಲಿ ಮಾತಾಡಬಹುದೇ ಎಂದು ತಡೆದು ನೋಡುವುದೂ ಅದೇ. ಸರ್ವರಿನಲ್ಲಿ ಇಬ್ಬರು ಪೀರ್‌ಗಳಿಗೂ 0.0.0.0/0 ಬರೆದರೆ ಕೊನೆಯವನಿಗೆ ಅದು ದಕ್ಕುತ್ತದೆ, ಮೊದಲನೆಯವನು ದೂರು ಕೊಡುತ್ತಾನೆ.

ಅದೇ ವರ್ಷ ಲಾಕ್‌ಡೌನ್ ಬಂದು ಬೆಂಗಳೂರಿನ ಕಚೇರಿಗಳೆಲ್ಲ ಮನೆಗೆ ಹೋದವು, ಜೊತೆಗೆ ಒಂದು ವಿಚಿತ್ರ ಕಾಯಿಲೆಯೂ ಕಾಣಿಸಿಕೊಂಡಿತು. ಟನಲ್ ಏಳುತ್ತದೆ, ಪಿಂಗ್ ಹೋಗುತ್ತದೆ, ಎಸ್‌ಎಸ್‌ಎಚ್ ಲಾಗಿನ್ನೂ ಆಗುತ್ತದೆ; ದೊಡ್ಡ ಫೈಲು ತೆಗೆದರೆ ಗಕ್ಕನೆ ನಿಲ್ಲುತ್ತದೆ. ಲೆಕ್ಕ ಸರಳ. ವೈರ್‌ಗಾರ್ಡ್ ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಅಳತೆ, 1420. ಹೊರಗಿನ ಹೊದಿಕೆ ಐಪಿವಿ6 ಆದರೆ ಇನ್ನು 80 ಬೈಟ್, ಒಟ್ಟು 1500. ಪಿಪಿಪಿಒಇ ಮೇಲೆ ಓಡುವ ಮನೆಯ ಲೈನಿನಲ್ಲಿ ಹಿಡಿಸುವುದು 1492. ದಾರಿಯಲ್ಲಿ ಐಸಿಎಂಪಿಯನ್ನು ಯಾರಾದರೂ ತಡೆದಿದ್ದರೆ ಪ್ಯಾಕೆಟ್ ಹಿಡಿಸಲಿಲ್ಲವೆಂಬ ಸುದ್ದಿಯೂ ಬರುವುದಿಲ್ಲ. 1412 ಎಂದು ಬರೆದರೆ ವಾಸಿ. ಹೊದಿಕೆ ಐಪಿವಿ4 ಆದರೆ ಸೇರುವುದು 60 ಬೈಟ್ ಮಾತ್ರ, ಅಲ್ಲಿ ಈ ತೊಂದರೆಯೇ ಇಲ್ಲ. ಹಾಗಾಗಿ ಅದೇ ಕಾನ್ಫಿಗ್ ಪಕ್ಕದ ಮನೆಯಲ್ಲಿ ಚೆನ್ನಾಗಿಯೇ ನಡೆಯುತ್ತದೆ.

ಸರ್ವರ್ ಕಡೆಯ ಇನ್ನೊಂದು ಚಾಳಿಯನ್ನೂ ಹೇಳಿಬಿಡುತ್ತೇನೆ. ಐಪಿ ಫಾರ್ವರ್ಡ್ ಆನ್ ಮಾಡಿ, ಎಲ್ಲದಕ್ಕೂ ಮಾಸ್ಕರೇಡ್ ಹಾಕಿ ಕೈತೊಳೆದುಕೊಳ್ಳುವುದು. ಇಂಟರ್ನೆಟ್ಟಿಗೆ ಹೋಗುವ ಸಂಚಾರಕ್ಕೆ ಅದು ಬೇಕು, ಒಪ್ಪೋಣ. ಕಚೇರಿಯ ಒಳಜಾಲಕ್ಕೂ ಅದನ್ನೇ ಹಾಕಿದರೆ ಲಾಗಿನಲ್ಲಿ ಎಲ್ಲರೂ ಒಂದೇ ವಿಳಾಸ, ಯಾರು ಬಂದರು ಯಾರು ಹೋದರು ತಿಳಿಯದು. ಒಳಗಿನ ರೂಟರ್‌ನಲ್ಲಿ ವಾಪಸ್ ದಾರಿಯ ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು.

ಈಚಿನ ವರ್ಷಗಳಲ್ಲಿ ವಿಪಿಎನ್‌ಗಳಿಗೆ ಬಿದ್ದ ಪೆಟ್ಟುಗಳನ್ನು ನೋಡಿ. 2019ರ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ಸಂಶೋಧಕರ ದಾಳಿ ಬಳಸಿಕೊಂಡದ್ದು ಯಾವ ಇಂಟರ್‌ಫೇಸಿಗೆ ಯಾವ ವಿಳಾಸದ ಪ್ಯಾಕೆಟ್ ಬಂದರೂ ಒಳಬಿಡುವ ಸಡಿಲತನವನ್ನು. ಮೇ 2024ರ ಟನಲ್‌ವಿಷನ್ ಬಳಸಿದ್ದು ಡಿಎಚ್‌ಸಿಪಿಯ 121ನೇ ಆಪ್ಷನ್ನನ್ನು: ಅದೇ ಜಾಲದಲ್ಲಿ ಕೂತ ದುಷ್ಟನೊಬ್ಬ ಹೆಚ್ಚು ನಿರ್ದಿಷ್ಟ ರೂಟ್ ಹಂಚಿದರೆ ಸಂಚಾರ ಟನಲ್ಲನ್ನು ಬಿಟ್ಟು ಹೊರಗಿನಿಂದಲೇ ಹೋಗುತ್ತದೆ. ಎರಡರಲ್ಲೂ ಸೈಫರನ್ನು ಯಾರೂ ಮುಟ್ಟಲಿಲ್ಲ. ವೈರ್‌ಗಾರ್ಡ್ ಏಳಿಸಲು ಎಲ್ಲರೂ ಬಳಸುವ ಡಬ್ಲ್ಯುಜಿ-ಕ್ವಿಕ್ 51820 ಎಂಬ ಬೇರೆ ಟೇಬಲ್ ಮಾಡುತ್ತದೆ ನಿಜ, ಆದರೆ ಮನೆಯ ಪ್ರಿಂಟರ್ ಕೈಗೆ ಸಿಗಲೆಂದು ಮುಖ್ಯ ಟೇಬಲ್ಲನ್ನೂ ನೋಡುತ್ತದೆ, ಡೀಫಾಲ್ಟ್ ರೂಟ್ ಒಂದನ್ನು ಬಿಟ್ಟು. ಡಿಎಚ್‌ಸಿಪಿಯಿಂದ ಬಂದ ರೂಟುಗಳು ಸೇರುವುದು ಅದೇ ಮುಖ್ಯ ಟೇಬಲ್ಲಿಗೆ.

ಇದಕ್ಕೆ ಮದ್ದು ವೈರ್‌ಗಾರ್ಡಿನ ಸ್ವಂತ ದಾಖಲೆಗಳಲ್ಲೇ ಇದೆ. ನಿಜವಾದ ನೆಟ್‌ವರ್ಕ್ ಕಾರ್ಡನ್ನೂ ಡಿಎಚ್‌ಸಿಪಿಯನ್ನೂ ಬೇರೊಂದು ನೇಮ್‌ಸ್ಪೇಸಿಗೆ, ಅಂದರೆ ತನ್ನದೇ ರೂಟುಗಳಿರುವ ಬೇರೆ ಕೋಣೆಗೆ, ಕಳಿಸಿ, ವೈರ್‌ಗಾರ್ಡ್ ಇಂಟರ್‌ಫೇಸನ್ನು ಅಲ್ಲೇ ಹುಟ್ಟಿಸಿ ಈಚೆ ತಂದರೆ, ಈಚೆಗಿನ ಪ್ರೋಗ್ರಾಂಗಳಿಗೆ ಟನಲ್ ಬಿಟ್ಟು ಬೇರೆ ದಾರಿಯೇ ಕಾಣುವುದಿಲ್ಲ. ಡಬ್ಲ್ಯುಜಿ-ಕ್ವಿಕ್ ಅದನ್ನು ಮಾಡಿಕೊಡುವುದಿಲ್ಲ. ಆ ಹತ್ತಾರು ಸಾಲುಗಳನ್ನು ಈಗಲೂ ಕೈಯಾರೆ ಬರೆಯಬೇಕು, ಬರೆಯುವವನಿಗೆ ‘ಐಪಿ ರೂಲ್’ ಓದಲು ಬರಬೇಕು.