ಹೆಸರಿಲ್ಲದ ವಾಲ್ವ್ ರೇಡಿಯೊದ ಕಾಲನಿರ್ಣಯ

ಮೇಜಿನ ಮೇಲಿಡುವ ಹಳೆಯ ವಾಲ್ವ್ ರೇಡಿಯೊಗಳಲ್ಲಿ ಅನೇಕವು ಸಂಗ್ರಾಹಕರ ಕೈಸೇರುವ ಹೊತ್ತಿಗೆ ಮುಂಬದಿಯ ಹೆಸರುಪಟ್ಟಿಯನ್ನೂ, ಮಾದರಿಯ ವಿವರ ಅಚ್ಚಾಗಿರುತ್ತಿದ್ದ ಹಿಂಬದಿಯ ರಟ್ಟನ್ನೂ ಕಳೆದುಕೊಂಡಿರುತ್ತವೆ. ಗಾಳಿ ತೆಗೆದ ಗಾಜಿನ ಕೊಳವೆಯೊಳಗೆ ಕಾದ ಕ್ಯಾಥೋಡಿನಿಂದ ಹೊರಡುವ ಇಲೆಕ್ಟ್ರಾನುಗಳ ಹರಿವನ್ನು ಸಣ್ಣ ವೋಲ್ಟೇಜಿನಿಂದ ಹತೋಟಿಯಲ್ಲಿಡುವ ಸಾಧನವೇ ವಾಲ್ವ್; ಟ್ರಾನ್ಸಿಸ್ಟರ್ ಮನೆಮಾತಾಗುವ ಮೊದಲು ರೇಡಿಯೊ ಎಂದರೆ ಇಂತಹ ನಾಲ್ಕಾರು ವಾಲ್ವ್‌ಗಳ ಪೆಟ್ಟಿಗೆಯೇ ಆಗಿತ್ತು. ತೇದಿಯಿಲ್ಲದ ಶಾಸನದ ಕಾಲವನ್ನು ಅಕ್ಷರಗಳ ರೂಪ ನೋಡಿ ಹೇಳುವಂತೆ, ಹೆಸರಿಲ್ಲದ ರೇಡಿಯೊದ ಕಾಲವನ್ನೂ ಅದರ ಅಂಗಾಂಗಗಳಿಂದಲೇ ಊಹಿಸಬೇಕಾಗುತ್ತದೆ. ಆದರೆ ಆ ಅಂಗಾಂಗಗಳೆಲ್ಲವೂ ಸಮಾನವಾಗಿ ನಂಬಲರ್ಹವಲ್ಲ.

ಅವುಗಳಲ್ಲಿ ಹೆಚ್ಚು ನೆಚ್ಚಬಹುದಾದದ್ದು ಡಯಲ್ ಗಾಜು, ಏಕೆಂದರೆ ಅದರ ಮೇಲೆ ನಿಲಯಗಳ ಹೆಸರುಗಳು ಅಚ್ಚಾಗಿರುತ್ತವೆ ಮತ್ತು ನಿಲಯಗಳ ಹೆಸರು ಬದಲಾದ ದಿನಾಂಕಗಳು ದಾಖಲೆಯಲ್ಲಿವೆ. ಬ್ರಿಟನ್ನಿನಲ್ಲಿ ತಯಾರಾದ ಸೆಟ್ಟಿನ ಡಯಲ್‌ನಲ್ಲಿ ಬಿಬಿಸಿಯ ‘ನ್ಯಾಷನಲ್’ ಮತ್ತು ‘ರೀಜನಲ್’ ಎಂಬ ಹೆಸರುಗಳಿದ್ದರೆ ಅದು ಎರಡನೆಯ ಮಹಾಯುದ್ಧಕ್ಕಿಂತ ಹಿಂದಿನದು. ‘ಲೈಟ್’ ಎಂದಿದ್ದರೆ 1945ರ ಜುಲೈ ನಂತರದ್ದು. ಅದರ ಜೊತೆಗೆ ‘ಥರ್ಡ್’ ಕೂಡ ಇದ್ದರೆ 1946ರ ಸೆಪ್ಟೆಂಬರ್‌ಗಿಂತ ಹಿಂದಿನದಾಗಿರಲಾರದು. ಅಮೆರಿಕದ ಸೆಟ್ಟುಗಳಲ್ಲಿ 640 ಮತ್ತು 1240 ಕಿಲೋಹರ್ಟ್ಸ್‌ಗಳ ಬಳಿ ಪುಟ್ಟ ತ್ರಿಕೋನ ಗುರುತುಗಳಿದ್ದರೆ ಅವು ಶೀತಲ ಸಮರದ ಕಾಲದವು: ವಾಯುದಾಳಿಯಾದಾಗ ನಾಗರಿಕರು ತಿರುಗಿಸಬೇಕಾದ ಸ್ಥಾನಗಳೆಂದು ಸರ್ಕಾರವೇ 1953ರಿಂದ 1963ರವರೆಗೆ ಈ ಗುರುತನ್ನು ಕಡ್ಡಾಯ ಮಾಡಿತ್ತು. ಯಾವ ಇತಿಹಾಸಗ್ರಂಥವೂ ಅಂದಿನ ಮನೆಗಳಲ್ಲಿದ್ದ ಭಯವನ್ನು ಇಷ್ಟು ಚಿಕ್ಕ ಜಾಗದಲ್ಲಿ ಹೇಳಿರಲಾರದು.

ಭಾರತದ ಮಾರುಕಟ್ಟೆಗೆಂದು ತಯಾರಾದ ಡಯಲ್‌ಗಳಿಗೂ ಇದೇ ತರ್ಕ ಸಲ್ಲುತ್ತದೆ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ಮನೆಯಿಂದ 30 ವಾಟ್‌ಗಳ ಪುಟ್ಟ ಪ್ರೇಷಕದ ಮೂಲಕ ಆರಂಭಿಸಿದ ಬಾನುಲಿ ನಿಲಯವು ಮುಂದೆ ಸಂಸ್ಥಾನದ ಆಶ್ರಯಕ್ಕೆ ಬಂದಿತು. 1955ರ ನವೆಂಬರ್‌ನಲ್ಲಿ ಪ್ರಸಾರ ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಧಾರವಾಡದ ನಿಲಯ 1950ರ ಜನವರಿ 8ರಂದು ಆರಂಭವಾಯಿತು. ಆದ್ದರಿಂದ ಡಯಲ್‌ನಲ್ಲಿ ಧಾರವಾಡದ ಹೆಸರಿರುವ ಸೆಟ್ಟು 1950ಕ್ಕಿಂತ ಹಿಂದಿನದಾಗಿರುವುದು ಶಕ್ಯವಿಲ್ಲ. ಆದರೆ ಹೆಸರು ಇಲ್ಲದಿರುವುದರಿಂದ ಏನೂ ಸಿದ್ಧವಾಗುವುದಿಲ್ಲ, ಏಕೆಂದರೆ ತಯಾರಕರು ಹಳೆಯ ಗಾಜಿನ ದಾಸ್ತಾನು ಮುಗಿಯುವವರೆಗೆ ಅದನ್ನೇ ಕೂರಿಸುವುದೂ ಇತ್ತು. ಶಾರ್ಟ್ ವೇವ್ ಬ್ಯಾಂಡುಗಳಿಗೆ ಡಯಲ್‌ನಲ್ಲಿ ದೊರೆತಿರುವ ಉದಾರವಾದ ಜಾಗಕ್ಕೂ ಕಾರಣವಿದೆ. ನಿಲಯಗಳು ವಿರಳವಾಗಿದ್ದ ದೇಶದಲ್ಲಿ ದೂರದ ಪ್ರಸಾರವನ್ನು ಹಿಡಿಯಲು ಅದೇ ದಾರಿಯಾಗಿತ್ತು. 1952ರಲ್ಲಿ ಆಕಾಶವಾಣಿಯಿಂದ ಚಿತ್ರಗೀತೆಗಳು ಮರೆಯಾದಾಗ ಕೇಳುಗರು ಸಿಲೋನ್ ರೇಡಿಯೊದತ್ತ ತಿರುಗಿದ್ದು ಶಾರ್ಟ್ ವೇವ್ ಮೂಲಕವೇ, ಮತ್ತು ಅವರನ್ನು ಮರಳಿ ಸೆಳೆಯಲು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಬೇಕಾಯಿತು.

ಡಯಲ್ ಬಿಟ್ಟರೆ ವಾಲ್ವ್‌ಗಳ ಸಂಕೇತ. 1934ರಿಂದ ಯುರೋಪಿನಲ್ಲಿ ಬಳಕೆಗೆ ಬಂದ ಪದ್ಧತಿಯಲ್ಲಿ ಮೊದಲ ಅಕ್ಷರವು ವಾಲ್ವ್‌ನ ತಂತಿಯನ್ನು ಕಾಯಿಸುವ ಬಗೆಯನ್ನು ಹೇಳುತ್ತದೆ: ‘ಇ’ ಎಂದರೆ 6.3 ವೋಲ್ಟ್, ‘ಯು’ ಎಂದರೆ ಎಲ್ಲ ವಾಲ್ವ್‌ಗಳನ್ನೂ ಒಂದೇ ಸರಣಿಯಲ್ಲಿ ಜೋಡಿಸಿ 100 ಮಿಲಿಆಂಪಿಯರ್ ಹರಿಸುವ ಏರ್ಪಾಡು, ‘ಡಿ’ ಎಂದರೆ 1.4 ವೋಲ್ಟ್, ಅಂದರೆ ಬ್ಯಾಟರಿ ಸೆಟ್ಟು. ಉಳಿದ ಅಕ್ಷರಗಳು ವಾಲ್ವ್‌ನ ಒಳರಚನೆಯನ್ನೂ, ಅಂಕಿಯ ಮೊದಲ ಭಾಗ ಬುಡದ ಮಾದರಿಯನ್ನೂ ಸೂಚಿಸುತ್ತವೆ. ಹೀಗಾಗಿ ಯುಎಲ್ 41 ಎಂಬ ವಾಲ್ವ್ ಎಂಟು ಕಡ್ಡಿಗಳ ಬುಡದ, 1940ರ ದಶಕದ ಕೊನೆಗೆ ಬಂದ ಪೀಳಿಗೆಗೂ, ಇಸಿಎಚ್ 81 ಒಂಬತ್ತು ಕಡ್ಡಿಗಳ, 1950ರ ದಶಕದ ಪೀಳಿಗೆಗೂ ಸೇರಿದವೆಂದು ನೋಡಿದೊಡನೆ ಹೇಳಬಹುದು. ಈ ಅಕ್ಷರಗಳು ವಿದ್ಯುತ್ತಿನ ಚರಿತ್ರೆಯನ್ನೂ ಒಳಗೊಂಡಿವೆ. ಕೆಲವು ನಗರಗಳಲ್ಲಿ ಏಕಮುಖ ವಿದ್ಯುತ್ತು, ಅಂದರೆ ಡಿಸಿ, ಹರಿಯುತ್ತಿದ್ದ ಕಾಲದಲ್ಲಿ ಟ್ರಾನ್ಸ್‌ಫಾರ್ಮರ್ ಕೆಲಸಕ್ಕೆ ಬಾರದೆ ‘ಯು’ ಸರಣಿ ಬೇಕಾಯಿತು. ವಿದ್ಯುತ್ತೇ ತಲುಪದ ಹಳ್ಳಿಗಳಿಗೆ ‘ಡಿ’ ಸರಣಿ.

ಆದರೂ ವಾಲ್ವ್ ಅನುಮಾನಾಸ್ಪದ ಸಾಕ್ಷಿಯೇ, ಏಕೆಂದರೆ ಅದು ಬಲ್ಬಿನಂತೆ ಸುಟ್ಟುಹೋಗುವ, ಬದಲಾಯಿಸಲೆಂದೇ ಮಾಡಿದ ಭಾಗ. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಇಲೆಕ್ಟ್ರಾನಿಕ್ಸ್ ಕಾರ್ಖಾನೆಯು ರೇಡಿಯೊ ವಾಲ್ವ್‌ಗಳ ತಯಾರಿಕೆಗೆ ತೊಡಗಿದ್ದು 1961ರಲ್ಲಿ. ಆ ಕಾರ್ಖಾನೆಯ ಮುದ್ರೆಯುಳ್ಳ ವಾಲ್ವ್ ಕಂಡ ಮಾತ್ರಕ್ಕೆ ಸೆಟ್ಟನ್ನು 1961ರ ನಂತರದ್ದೆಂದು ತೀರ್ಮಾನಿಸುವುದು ಅವಸರದ ಮಾತಾದೀತು. ಅದು ಸಾಬೀತುಪಡಿಸುವುದು, ಆ ವರ್ಷದ ಆಚೆಗೂ ಸೆಟ್ಟು ಯಾರದೋ ಮನೆಯಲ್ಲಿ ಹಾಡುತ್ತಿತ್ತು ಮತ್ತು ರಿಪೇರಿಗೆ ಹೋಗಿತ್ತು ಎಂಬುದನ್ನು ಮಾತ್ರ.

ದುರಸ್ತಿಯ ವಿಷಯದಲ್ಲಿ ಮೊದಲ ನಿಯಮ, ದಶಕಗಳ ಕಾಲ ಮೂಲೆಯಲ್ಲಿದ್ದ ಸೆಟ್ಟನ್ನು ನೇರವಾಗಿ ಪ್ಲಗ್ಗಿಗೆ ಚುಚ್ಚಬಾರದು ಎಂಬುದು. ಒಂದು ಹಂತದಿಂದ ಇನ್ನೊಂದಕ್ಕೆ ಧ್ವನಿಯ ಸಂಕೇತವನ್ನು ಮಾತ್ರ ದಾಟಿಸಿ ಡಿಸಿಯನ್ನು ತಡೆಯಬೇಕಾದ ಕಾಗದದ ಕಂಡೆನ್ಸರ್ ತೇವ ಹೀರಿ ಸೋರತೊಡಗಿದರೆ ಕೊನೆಯ ಹಂತದ ವಾಲ್ವ್ ಮಿತಿಮೀರಿ ಕಾದು, ಸ್ಪೀಕರಿಗೆ ಜೋಡಿಸಿದ ಟ್ರಾನ್ಸ್‌ಫಾರ್ಮರಿನ ಸುರುಳಿಯೂ ಸುಟ್ಟುಹೋಗುತ್ತದೆ. ಹಾಗಾಗಿ ಅನುಭವಿಗಳು ಮೊದಲು ಆ ಕಂಡೆನ್ಸರನ್ನು ಬದಲಿಸಿ, ಬಳಿಕ ಸರಣಿಯಲ್ಲಿ ಒಂದು ಫಿಲಮೆಂಟ್ ಬಲ್ಬನ್ನಿಟ್ಟು ವಿದ್ಯುತ್ತು ಕೊಡುತ್ತಾರೆ. ‘ಯು’ ಸರಣಿಯ ಸೆಟ್ಟುಗಳಲ್ಲಿ ಲೋಹದ ಚೌಕಟ್ಟೇ ಮೇನ್ಸಿನ ಒಂದು ತಂತಿಗೆ ಸೇರಿರುವುದರಿಂದ, ಪ್ಲಗ್ಗು ತಿರುಗಿದರೆ ಮುಟ್ಟಿದವರಿಗೆ 230 ವೋಲ್ಟ್ ತಾಗೀತು.

ಇವೆಲ್ಲ ತಂತ್ರದ ಮಾತು. ಚರಿತ್ರೆಯ ದೃಷ್ಟಿಯಿಂದ ಅಕ್ಷಮ್ಯವಾದದ್ದು ಬೇರೆ. ಹೆಸರುಗಳು ಡಯಲ್ ಗಾಜಿನ ಹಿಂಬದಿಯಲ್ಲಿ ತೆಳುಬಣ್ಣದಲ್ಲಿ ಅಚ್ಚಾಗಿರುವುದರಿಂದ ಸೋಪುನೀರಿನ ಒಂದೇ ಒರೆಸುವಿಕೆಗೆ ಅಳಿದುಹೋಗಬಹುದು, ಮತ್ತು ಅವು ಅಳಿದ ಮೇಲೆ ಸೆಟ್ಟಿನ ಕಾಲ ಹೇಳುವ ಪ್ರಮುಖ ಆಧಾರವೇ ಇಲ್ಲವಾಗುತ್ತದೆ. ಆ ಬದಿಗೆ ಒಣ ಕುಂಚವನ್ನಲ್ಲದೆ ಬೇರೇನನ್ನೂ ಮುಟ್ಟಿಸಬಾರದು. ಕೆಲಸಕ್ಕೆ ಕೈಹಾಕುವ ಮುನ್ನ ಗಾಜಿನ, ಚೌಕಟ್ಟಿನ ಮತ್ತು ಪ್ರತಿ ವಾಲ್ವ್‌ನ ಸ್ಥಾನದ ಚಿತ್ರ ತೆಗೆದಿಡಬೇಕು; ತೆಗೆದುಹಾಕಿದ ಪ್ರತಿಯೊಂದು ಭಾಗವನ್ನೂ, ಬದಲಿಸಿದ ದಿನಾಂಕ ಬರೆದ ಲಕೋಟೆಯಲ್ಲಿ ಹಾಕಿ, ಆ ರೇಡಿಯೊ ಪೆಟ್ಟಿಗೆಯ ಜೊತೆಯಲ್ಲೇ ಜೋಪಾನವಾಗಿ ಇಡಬೇಕು.