ಅಡುಗೆಮನೆಯಿಂದ ಚಾವಡಿಗೆ: ಹೆಡ್‌ಫೋನಿನ ಚರಿತ್ರೆ

2020ರ ಲಾಕ್‌ಡೌನ್ ನಿಮಗೆ ನೆನಪಿರಬಹುದು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ಮಕ್ಕಳು ಲ್ಯಾಪ್‌ಟಾಪ್ ಹೊತ್ತು ಕುಂದಾಪುರ, ಬೈಂದೂರು, ಬ್ರಹ್ಮಾವರದ ಮನೆಗಳಿಗೆ ಮರಳಿದರು. ಚಾವಡಿಯ ಮೂಲೆಯೇ ಕಚೇರಿಯಾಯಿತು. ಜೂನ್ ಮಳೆ ಹಂಚಿನ ಮಾಡಿನ ಮೇಲೆ ಬೀಳತೊಡಗಿದಾಗ ಎಲ್ಲರೂ ಹೆಡ್‌ಫೋನಿನ ವಾಲ್ಯೂಮ್ ಏರಿಸಿದ್ದೇ ಏರಿಸಿದ್ದು. ನನ್ನ ಸೋದರಳಿಯನೊಬ್ಬ ಸಂದರ್ಶನದಲ್ಲಿ ಪ್ರಶ್ನೆಯನ್ನೇ ತಪ್ಪಾಗಿ ಕೇಳಿಸಿಕೊಂಡು ಬೇರೇನೋ ಉತ್ತರಿಸಿದ. ಕೆಲಸ ಕೈತಪ್ಪಿತು. ಅವನ ತಲೆಯ ಮೇಲಿದ್ದದ್ದು ದುಬಾರಿ ಹೆಡ್‌ಫೋನ್! ಹೀಗೇಕಾಯಿತು ಎಂದು ಹುಡುಕುತ್ತಾ ಹೋದಾಗ ಅರ್ಧ ಉತ್ತರ ಅದರ ಚರಿತ್ರೆಯಲ್ಲೇ ಸಿಕ್ಕಿತು.

ಹೆಡ್‌ಫೋನ್ ಹುಟ್ಟಿದ್ದು ಹಾಡು ಕೇಳಲಿಕ್ಕಲ್ಲ, ಕೆಲಸಕ್ಕೆ. 1880ರ ದಶಕದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನ ಸಿಬ್ಬಂದಿ ಹೆಗಲ ಮೇಲೆ ಭಾರದ ಉಪಕರಣ ಹೊತ್ತು ಒಂದೇ ಕಿವಿಯಲ್ಲಿ ಕೇಳುತ್ತಿದ್ದರು. 1910ರಲ್ಲಿ ಅಮೆರಿಕದ ಉಟಾ ರಾಜ್ಯದ ನಥಾನಿಯಲ್ ಬಾಲ್ಡ್‌ವಿನ್ ತನ್ನ ಅಡುಗೆಮನೆಯಲ್ಲಿ ಎರಡು ಕಿವಿಯ ಹೆಡ್‌ಫೋನ್ ತಯಾರಿಸಿ ನೌಕಾಪಡೆಗೆ ಮಾರಿದ. ಮನೆಯೇ ಕಚೇರಿಯಾದ ಕಥೆ ಅಲ್ಲಿಂದಲೇ ಶುರುವೆನ್ನಬೇಕು. ಸಂಗೀತಕ್ಕೆಂದೇ ಸ್ಟೀರಿಯೋ ಹೆಡ್‌ಫೋನ್ ಬಂದದ್ದು 1958ರಲ್ಲಿ, ಜಾನ್ ಕಾಸ್ ಅವರಿಂದ.

ನಮ್ಮಲ್ಲಿ ಕೇಳುವುದೆಂದರೆ ಒಟ್ಟಿಗೆ ಕೇಳುವುದಾಗಿತ್ತು. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ಆರಂಭಿಸಿದರು. 1976ರಲ್ಲಿ ಮಂಗಳೂರು ಆಕಾಶವಾಣಿ ಬಂದಾಗ ಅದರ ಮಧ್ಯಮ ತರಂಗದ ಪ್ರೇಷಕ ಇದ್ದದ್ದು ನಮ್ಮ ಬ್ರಹ್ಮಾವರದಲ್ಲಿ. ಇಡೀ ಮನೆ ಒಂದೇ ರೇಡಿಯೋದ ಸುತ್ತ ಕೂರುತ್ತಿತ್ತು. ಗಲ್ಫ್‌ನಿಂದ ಟೂ-ಇನ್-ವನ್ ಬಂದ ಮೇಲೆ ಕ್ಯಾಸೆಟ್ಟಿನಲ್ಲಿ ಧ್ವನಿ ತುಂಬಿ ಕಳುಹಿಸಿದ ಕಾಗದಗಳನ್ನೂ ಹೀಗೆಯೇ ಕೇಳಿದವರು ನಿಮ್ಮಲ್ಲಿದ್ದಾರೆ. 1979ರ ಸೋನಿ ವಾಕ್‌ಮನ್ ಆ ವರ್ತುಲವನ್ನು ಒಡೆಯಿತು.

ಈಗ ಸೋದರಳಿಯನ ವಿಷಯಕ್ಕೆ ಬರೋಣ. ಹಳೆಯ ಟೆಲಿಫೋನ್ 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತಿತ್ತು. 'ಸ', 'ಫ'ದಂಥ ಅಕ್ಷರಗಳ ಗುರುತು ಬಹುಪಾಲು ಇದಕ್ಕಿಂತ ಮೇಲಿದೆ. ಬ್ಲೂಟೂತ್ ಹೆಡ್‌ಫೋನ್ ಹಾಡಿಗೆ ಒಂದು ದಾರಿ, ಕರೆಗೆ ಇನ್ನೊಂದು ದಾರಿ ಹಿಡಿಯುತ್ತದೆ. ಅದರ ಮೈಕ್ ಚಾಲೂ ಆದೊಡನೆ ಧ್ವನಿ ಕಿರಿದಾಗುತ್ತದೆ, ಕೆಲವೊಮ್ಮೆ ಹಳೆಯ ಟೆಲಿಫೋನಿನ ಮಟ್ಟಕ್ಕೇ ಇಳಿಯುತ್ತದೆ. ಪರಿಹಾರಕ್ಕೆ ಹಣ ಬೇಕಿಲ್ಲ. ಲ್ಯಾಪ್‌ಟಾಪಿನ ಸೆಟ್ಟಿಂಗ್ಸ್‌ನಲ್ಲಿ ಮೈಕ್ ಆಗಿ ಲ್ಯಾಪ್‌ಟಾಪಿನದನ್ನೇ ಆರಿಸಿ, ಹೆಡ್‌ಫೋನನ್ನು ಕೇಳುವುದಕ್ಕೆ ಮಾತ್ರ ಬಿಡಿ. ಇಲ್ಲವೇ ವೈರ್ ಇರುವ ಸಾಧಾರಣ ಹೆಡ್‌ಸೆಟ್ ಬಳಸಿ.

ಇನ್ನು ಮಳೆ. ಬಂಗಾಳದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ ಅಮರ್ ಬೋಸ್ 1978ರಲ್ಲಿ ವಿಮಾನದಲ್ಲಿ ಕುಳಿತು ಸದ್ದನ್ನು ಎದುರು ಸದ್ದಿನಿಂದ ರದ್ದುಗೊಳಿಸುವ ಲೆಕ್ಕ ಹಾಕಿದರು. 1989ರಲ್ಲಿ ಅವರ ಕಂಪೆನಿ ಪೈಲಟ್‌ಗಳಿಗಾಗಿ ಅಂಥ ಹೆಡ್‌ಸೆಟ್ ತಂದಿತು. ಆದರೆ ಈ ವಿದ್ಯೆ ಚೆನ್ನಾಗಿ ನಡೆಯುವುದು ಎಂಜಿನ್, ಫ್ಯಾನಿನಂಥ ಏಕತಾನದ ಗುಂಯ್‌ಗುಟ್ಟುವ ಸದ್ದಿಗೆ. ಹಂಚಿನ ಮೇಲಿನ ಮಳೆಗೆ ಅಷ್ಟಾಗಿ ಅಲ್ಲ; ಅಲ್ಲಿ ಕಿವಿಯನ್ನು ಸರಿಯಾಗಿ ಮುಚ್ಚುವ ಮೆತ್ತೆಯೇ ಮುಖ್ಯ. ನಮ್ಮ ಕರಾವಳಿಯ ತೇವಕ್ಕೆ ಮೆತ್ತೆಯ ಹೊದಿಕೆ ಸುಲಿದುಬರುತ್ತದೆ, ಬದಲಾಯಿಸಿಕೊಳ್ಳಿ. ಕನ್ನಡಕದ ದಪ್ಪ ಕಡ್ಡಿ ಅಥವಾ ತಲೆವಸ್ತ್ರದ ಮಡಿಕೆ ನಡುವೆ ಸಿಕ್ಕರೆ ಹೊರಸದ್ದು ನುಗ್ಗುತ್ತದೆ. ವಸ್ತ್ರ ಧರಿಸುವ ವಿದ್ಯಾರ್ಥಿನಿಯರು ಹೆಡ್‌ಫೋನ್ ಒಳಗೆ ಇಟ್ಟು ಮೇಲೆ ವಸ್ತ್ರ ಹಾಕಿಕೊಂಡರೆ ವ್ಯತ್ಯಾಸ ತಿಳಿಯುತ್ತದೆ. ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ಒಮ್ಮೆ ಚಾರ್ಜರ್ ತೆಗೆದು ನೋಡಿ. ಸದ್ದು ನಿಂತರೆ ಪ್ಲಗ್ಗಿನ ಅರ್ಥಿಂಗ್ ಪರೀಕ್ಷಿಸಿ.

ವಾಲ್ಯೂಮ್ ಏರಿಸುವುದು ಕೊನೆಯ ಉಪಾಯವಾಗಿರಲಿ. ವಯಸ್ಕರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್, ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ. ಮನೆಯಿಂದ ಕೆಲಸ ಮಾಡುವವರ ವಾರವೂ ಹೆಚ್ಚುಕಡಿಮೆ 40 ಗಂಟೆಯದ್ದೇ. ಅದಾದ ಮೇಲೆ ಹಾಡು, ಸಿನಿಮಾ ಬೇರೆ. ಸೋದರಳಿಯ ಈಗ ಮಳೆ ಹಿಡಿದೊಡನೆ ಮೇಜನ್ನು ಚಾವಡಿಯಿಂದ ಒಳಕೋಣೆಗೆ ಎಳೆಯುತ್ತಾನೆ. ಅಲ್ಲಿ ಸ್ಲ್ಯಾಬ್ ಇದೆ.