ಬಚ್ಚಲ ಒಲೆಯ ಚರಿತ್ರೆ

ಚಿತ್ತಾಪುರದಲ್ಲಿ ಹುಟ್ಟಿ ಶಹಾಬಾದಕ್ಕೆ ಸೊಸೆಯಾಗಿ ಬಂದವಳು ನಾನು. ಎರಡೂ ಮನೆಗಳ ಬಚ್ಚಲಲ್ಲಿ ತಾಮ್ರದ ಹಂಡೆಯಿತ್ತು. ನಸುಕಿನಲ್ಲಿ ಎದ್ದು ಮೊದಲು ನೋಡುತ್ತಿದ್ದುದು ದೇವರ ಮುಖವನ್ನಲ್ಲ, ಹಂಡೆಯ ಮಸಿಯನ್ನು. ತೊಗರಿ ಕಟ್ಟಿಗೆ ಮುರಿದು ಒಲೆಗೆ ತುರುಕಿ, ಮೇಲೊಂದು ಕುಳ್ಳಿಟ್ಟು ಊದಬೇಕು. ತೊಗರಿ ನಮ್ಮ ಕಡೆಯ ಬೆಳೆ. ಕಾಳು ಪೇಟೆಗೆ, ಕಟ್ಟಿಗೆ ಒಲೆಗೆ. ಅದು ಭಗ್ಗೆಂದು ಹತ್ತಿ ಬೇಗ ಬೂದಿಯಾಗುವುದರಿಂದ ಒಲೆಯ ಮುಂದಿನಿಂದ ಏಳುವಂತಿರಲಿಲ್ಲ. ಮಳೆಗಾಲದಲ್ಲಂತೂ ಉರಿಗಿಂತ ಹೊಗೆಯೇ ಹೆಚ್ಚು.

"ನೀರು ಕಾದಾವೇನವಾ?" ಎಂದು ಪಡಸಾಲೆಯಿಂದ ಮಾವನವರ ಕೂಗು.

"ಇನ್ನೊಂದೀಟು ತಡೀರಿ" ಎಂದು ಕಣ್ಣೊರೆಸಿಕೊಳ್ಳುತ್ತ ನಾನು.

ನಮ್ಮ ಊರುಗಳಿಗೆ ಚರಿತ್ರೆಯ ಕೊರತೆಯಿಲ್ಲ. ಸೇಡಂ ಬಳಿಯ ಮಳಖೇಡ ರಾಷ್ಟ್ರಕೂಟರ ರಾಜಧಾನಿ. ನಿಜಾಮರ ಕಾಲದಲ್ಲೇ ಶಹಾಬಾದಕ್ಕೆ ಸಿಮೆಂಟ್ ಕಾರ್ಖಾನೆ ಬಂತು. 1936ರಲ್ಲಿ ಅದು ಎ.ಸಿ.ಸಿ.ಯಲ್ಲಿ ಸೇರಿತು. 1968ರಲ್ಲಿ ವಾಡಿಯ ಕಾರ್ಖಾನೆ. ಶಹಾಬಾದದ ಜನ ಎ.ಬಿ.ಎಲ್. ಎಂದು ಕರೆಯುತ್ತಿದ್ದ ಕಾರ್ಖಾನೆಯಲ್ಲಿ ದೊಡ್ಡ ದೊಡ್ಡ ಬಾಯ್ಲರುಗಳ ಕೆಲಸ ನಡೆಯುತ್ತಿತ್ತು. ಆದರೆ ಆ ಬಾಯ್ಲರು ಮಾಡಲು ಹೋಗುವ ಗಂಡಸರಿಗೆ ಮನೆಯಲ್ಲಿ ನೀರು ಕಾಯುತ್ತಿದ್ದುದು ತೊಗರಿ ಕಟ್ಟಿಗೆಯ ಉರಿಯಲ್ಲಿ! ಈ ಸಂಗತಿ ಯಾವ ಚರಿತ್ರೆಯಲ್ಲೂ ಇಲ್ಲ.

ಲಂಡನ್ನಿನ ಮಾಘನ್ ಎಂಬಾತ 1868ರಲ್ಲೇ ಅನಿಲದಿಂದ ನೀರು ಕಾಯಿಸುವ ಯಂತ್ರ ಮಾಡಿ, ಐಸ್‌ಲ್ಯಾಂಡಿನ ಬಿಸಿನೀರ ಬುಗ್ಗೆಯ ಹೆಸರಾದ ಗೀಸರ್ ಎಂಬುದನ್ನು ಅದಕ್ಕಿಟ್ಟನಂತೆ. ನಮ್ಮ ಮನೆಗೆ ಗೀಸರ್ ಬರಲು ಅದಾದ ಮೇಲೆ ನೂರು ವರ್ಷ ದಾಟಿತು. ದುಡ್ಡಿಗಿಂತ ಅತ್ತೆಯವರೇ ಅಡ್ಡ. "ಕರೆಂಟಿನ ನೀರು ಮೈಗೆ ಹತ್ತಂಗಿಲ್ಲ" ಎನ್ನುತ್ತಿದ್ದರು.

ಒಮ್ಮೆ ಅವರ ಕೆಮ್ಮು ತಿಂಗಳಾದರೂ ನಿಲ್ಲಲಿಲ್ಲ. ಡಾಕ್ಟರು ಎದೆಗೆ ಕೊಳವೆ ಹಚ್ಚಿ ನೋಡಿ, "ಬೀಡಿ ಸೇದ್ತೀರೇನು?" ಎಂದರು.

"ಬೀಡಿ ಅಲ್ರಿ ಸಾಹೇಬ್ರ, ನಲವತ್ತು ವರ್ಷ ಒಲಿ ಸೇದೀನಿ" ಎಂದು ಅತ್ತೆ ನಕ್ಕರು.

ಡಾಕ್ಟರು ನಗಲಿಲ್ಲ. ನನ್ನ ಯಜಮಾನರೂ ನಗಲಿಲ್ಲ. ಆ ತಿಂಗಳ ಸಂಬಳದಲ್ಲೇ ಗೀಸರ್ ಬಂತು. ಗುಂಡಿ ಒತ್ತಿದರೆ ಕೆಂಪು ದೀಪ, ನೀರು ಕಾದರೆ ತಾನೇ ಆರುವ ದೀಪ. ಅತ್ತೆ ಎರಡು ದಿನ ಅದರೆದುರು ಸುಮ್ಮನೆ ಕೂತು ನೋಡಿದರು.

ಎರಡು ವರ್ಷದಲ್ಲಿ ಅದೂ ಮೊಂಡಾಯಿತು. ಕರೆಂಟ್ ಬಿಲ್ಲು ಏರಿತು, ನೀರು ಉಗುರುಬೆಚ್ಚಗೂ ಇಲ್ಲ. ರಿಪೇರಿಯ ಹುಡುಗ ಬಿಚ್ಚಿದರೆ ಕಾಯಿಲಿನ ತುಂಬ ಬಿಳಿಯ ಕಲ್ಲು. ನಮ್ಮದು ಸುಣ್ಣದ ಕಲ್ಲಿನ ನೆಲ. ಮನೆಗೆ ಹಾಸಿದ ಫರಸಿ ಅದೇ, ಸಿಮೆಂಟಿಗೆ ಬೇಕಾದುದೂ ಅದೇ. ನೀರಿನಲ್ಲಿ ಕರಗಿದ ಆ ಸುಣ್ಣ ಕಾದಾಗ ಬೇರ್ಪಟ್ಟು ಪದರುಗಟ್ಟುತ್ತದೆ. ಕಾಯಿಲಿನ ಬಿಸಿ ನೀರಿಗೆ ತಾಕಗೊಡುವುದಿಲ್ಲ.

"ಹಂಡೇದಾಗೂ ಹಿಂಗ ಕಟ್ಟತಿತ್ತಲ್ಲ! ನೀರು ತುಂಬೋ ಹಬ್ಬದಾಗ ಹುಣಸಿಹಣ್ಣು ಹಚ್ಚಿ ತಿಕ್ಕತಿದ್ದಿಲ್ಲೇನು?" ಎಂದರು ಅತ್ತೆ. ನನಗೆ ಆಗ ಹೊಳೆಯಿತು. ದೀಪಾವಳಿಯಲ್ಲಿ ಹಂಡೆಯ ಒಳಗೂ ಹೊರಗೂ ತಿಕ್ಕಿ, ಸುಣ್ಣದ ಗೆರೆ ಬರೆದು, ಹಿಂಡಲಕಾಯಿ ಬಳ್ಳಿ ಸುತ್ತುತ್ತಿದ್ದುದು ಬರಿಯ ಪೂಜೆಯಲ್ಲ. ಹುಳಿಗೆ ಸುಣ್ಣ ಬಿಡುತ್ತದೆಂಬುದು ನಮ್ಮ ಹೆಂಗಸರಿಗೆ ಗೊತ್ತಿತ್ತು.

ಅಂದಿನಿಂದ ವರ್ಷಕ್ಕೊಮ್ಮೆ, ನೀರು ತುಂಬುವ ಹಬ್ಬದ ಮುಂಚೆ, ಗೀಸರ್ ಬಿಚ್ಚಿಸಿ ತೊಳೆಸುತ್ತೇವೆ. ಅತ್ತೆ ಈಗಿಲ್ಲ. ಅವರ ಹಂಡೆಯನ್ನು ಮಾರಲು ಮನಸ್ಸಾಗಲಿಲ್ಲ. ಹಬ್ಬಕ್ಕೆ ಅದಕ್ಕೂ ಬಳ್ಳಿ ಸುತ್ತುತ್ತೇನೆ. ಒಲೆಯ ಮುಂದೆ ಕೂರುತ್ತಿದ್ದ ಆ ಒಂದು ತಾಸು ಈಗ ನನ್ನದು. ಇದನ್ನು ಬರೆದದ್ದೂ ಆ ಹೊತ್ತಿನಲ್ಲೇ.